ಕೊಕ್ಕೆ ಹಾಕದ ಮಾತು

ಒಳ್ಳೆಯ ಕನ್ನಡ ಬರೆದದ್ದಕ್ಕೆ ಒಬ್ಬ ಹುಡುಗಿಯ ಕಾಲೇಜು ತಪ್ಪಿತು ಎಂದರೆ ಈಗಿನವರು ನಂಬುವುದಿಲ್ಲ. ಕೆಟ್ಟ ಕನ್ನಡ ಬರೆದವರೆಲ್ಲ ಆ ವರ್ಷ ಪಾಸಾದರು. ಗೈಡಿನಿಂದ ಪುಟಗಟ್ಟಲೆ ಇಳಿಸಿದ ಗಂಡುಹುಡುಗರಿಗೆ ಎರಡು ಬೈಗುಳ ಬಿತ್ತು. ಅದನ್ನು ಒರೆಸಿಕೊಂಡು ಅವರು ಮುಂದೆ ವಕೀಲರೂ ಮಾಮಲೇದಾರರೂ ಆದರು. ಒಂದು ಚಂದದ ವಾಕ್ಯ ಬರೆದ ನನ್ನ ಜೊತೆಯವಳು ಮಾತ್ರ ಟ್ರಂಕು ಕಟ್ಟಿದಳು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಿದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ.

ನಲವತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ನಮ್ಮ ಕಡೆಯವರಿಗೆ ಕಾಲೇಜು ಎಂದರೆ ಘಟ್ಟದ ಮೇಲೆ, ಧಾರವಾಡದಲ್ಲಿ. ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಕುಮಟೆಯಲ್ಲೇ ಕಾಲೇಜು ಬಂತು. ನಾವಿಬ್ಬರು ಭಟ್ಕಳದ ಹತ್ತಿರದ ಬೆಳಕೆ ಊರಿನವರು, ಅಕ್ಕಪಕ್ಕದ ಮನೆಯವರು, ಒಂದೇ ಬಾವಿಯ ನೀರು ಕುಡಿದವರು. ಭಟ್ಕಳದ ಹೈಸ್ಕೂಲಿನಲ್ಲಿ ಮೂಲೆಯ ಬೆಂಚಿನ ಮೇಲೆ ಕೂತು ಒಟ್ಟಿಗೇ ಮೆಟ್ರಿಕ್ ಮುಗಿಸಿದ್ದೆವು. ನನ್ನ ಅಪ್ಪ ನಾನು ಚಿಕ್ಕವಳಿರುವಾಗಲೇ ಜ್ವರದಲ್ಲಿ ತೀರಿಕೊಂಡಿದ್ದ. ಗದ್ದೆಯನ್ನೂ ನಮ್ಮನ್ನೂ ದೊಡ್ಡಪ್ಪ ನೋಡಿಕೊಳ್ಳುತ್ತಿದ್ದ. ಅವಳ ಮನೆಯಲ್ಲಿ ಕೊಂಕಣಿ ಮಾತು. ಅವಳ ತಂದೆ ಹಾಸಿಗೆ ಹಿಡಿದಿದ್ದರಿಂದ ಹೊನ್ನಾವರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಣ್ಣನೇ ಮನೆಯ ಯಜಮಾನ.

ನನ್ನ ದೊಡ್ಡಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ನಾನು ಮನೆಯಲ್ಲಿದ್ದು ಎಲ್ಲರೊಡನೆ ಜಗಳ ಆಡುವುದಕ್ಕಿಂತ ಕುಮಟೆಯಲ್ಲಿರುವುದೇ ಒಳ್ಳೆಯದು ಎಂದು ಅವನಿಗೂ ಅನ್ನಿಸಿರಬೇಕು. ಅವಳ ಅಣ್ಣ ಮಾತ್ರ ಬಹಳ ದಿನ ಹೂಂ ಅನ್ನಲಿಲ್ಲ. ಕೊನೆಗೆ ಒಪ್ಪಿದಾಗ ಒಂದೇ ಕರಾರು ಹಾಕಿದ. "ನೀನು ಓದು, ಬೇಡ ಅನ್ನುದಿಲ್ಲ. ಆದ್ರೆ ಒಂದು ಮಾತು ಬರಬಾರ್ದು. ಬಂದ ದಿನ ವಾಪಸ್." ಮಾತು ಅಂದರೆ ಎಂಥ ಮಾತು ಎಂದು ಅವನೂ ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೆಣ್ಣುಮಕ್ಕಳ ಬಗ್ಗೆ ಬರುವ ಮಾತು ಒಂದೇ ಬಗೆಯದ್ದು ಎಂದು ನಾವು ಮೂವರೂ ತಿಳಿದಿದ್ದೆವು. ಅದು ಕಳ್ಳತನದ ಮಾತಾಗಿ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಭಟ್ಕಳದಿಂದ ಬಸ್ಸು ಶರಾವತಿಯ ಈಚೆ ದಡದವರೆಗೆ. ಅಲ್ಲಿ ಇಳಿದು, ಟ್ರಂಕು ಹೊರಿಸಿಕೊಂಡು, ತಾರಿ ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರ. ಆಮೇಲೆ ಬೇರೆ ಬಸ್ಸು, ಕುಮಟೆ. ಮಳೆ ಹಿಡಿದು ಹೊಳೆ ಕೆಂಪಾಗಿತ್ತು. ದೋಣಿ ದಡ ಬಿಟ್ಟಾಗ ನಾನು ತಿರುಗಿ ದಡವನ್ನೇ ನೋಡಿದೆ. ಯಾಕೆ ಅಂದೆನೋ, ಹೇಗೆ ಬಂತೋ, ನನ್ನ ಬಾಯಿಂದ ಒಂದು ಮಾತು ಬಂತು: "ದಡ ಬಿಟ್ಟ ಮೇಲೆ ದೋಣಿಯೇ ಊರು, ಅಂಬಿಗನೇ ಅಪ್ಪ." ಪಕ್ಕದಲ್ಲಿ ಕೂತವಳು ತಟ್ಟನೆ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ನೀರು. ಪಾಪ, ಮನೆ ನೆನಪಾಯಿತು ಎಂದುಕೊಂಡು ನಾನು ಅವಳ ಕೈ ಹಿಡಿದುಕೊಂಡೆ. ಒಳಗೊಳಗೇ ನನಗೆ ಹೆಮ್ಮೆ. ಎಂಥ ಮಾತು ಹೇಳಿದೆ ನಾನು!

ಕುಮಟೆಯಲ್ಲಿ ಅವಳ ಸಂಬಂಧದ ಒಬ್ಬ ಮುದುಕಿಯ ಮನೆಯ ಹೊರಕೋಣೆಯಲ್ಲಿ ನಮ್ಮ ಬಿಡಾರ. ಕಾಲೇಜಿನ ಗೋಡೆಗೆ ಒರಗಿದರೆ ಸುಣ್ಣ ಬೆನ್ನಿಗೆ ಹತ್ತುತ್ತಿತ್ತು, ಅಷ್ಟು ಹೊಸತು. ನಮ್ಮ ತರಗತಿಯಲ್ಲಿ ಹೆಣ್ಣುಮಕ್ಕಳು ನಾವಿಬ್ಬರೇ. ನಾವು ಕೆಮ್ಮಿದರೂ ಹಿಂದಿನ ಬೆಂಚಿನವರಿಗೆ ಸುದ್ದಿ.

ಕನ್ನಡ ಕಲಿಸುವವರು ಧಾರವಾಡದ ಕಡೆಯವರು. ಬಯಲುಸೀಮೆಯ ಒಣ ಮನುಷ್ಯ, ನಮ್ಮ ಮಳೆ ನೋಡಿ ಕಂಗಾಲಾಗಿದ್ದರು. ಛತ್ರಿಯನ್ನು ತರಗತಿಯೊಳಗೂ ಕೈಯಲ್ಲೇ ಹಿಡಿದಿರುತ್ತಿದ್ದರು. ಆದರೆ ಬರೆಯುವುದನ್ನು ಅವರ ಹಾಗೆ ಕಲಿಸಿದವರನ್ನು ನಾನು ಮತ್ತೆ ಕಾಣಲಿಲ್ಲ. ಮೊದಲ ವಾರವೇ ಒಂದು ಪ್ರಬಂಧ ಬರೆಸಿದರು. ಇಡೀ ತರಗತಿ ‘ಸೂರ್ಯನು ತನ್ನ ಹೊಂಗಿರಣಗಳಿಂದ’ ಎಂದು ಶುರುಮಾಡಿತ್ತು, ನಾನೂ ಕೂಡ. ಹೊರಗೆ ಹೊಯ್ಯುತ್ತಿದ್ದ ಮಳೆಯಲ್ಲಿ ಸೂರ್ಯನನ್ನು ಕಂಡು ವಾರದ ಮೇಲಾಗಿತ್ತು. ಅವರು ಎಲ್ಲರ ಸೂರ್ಯನನ್ನೂ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ, "ಖರೇ ಹೇಳ್ರಿ, ಇದನ್ನ ನೀವು ನೋಡೀರೇನು?" ಎಂದು ಕೇಳಿದರು. ನೋಡಿದ್ದನ್ನು ಬರೆಯಿರಿ, ಕಂಡದ್ದನ್ನು ಬರೆಯಿರಿ. ಬೇರೆಯವರ ಪುಸ್ತಕದಿಂದ ಒಂದು ವಾಕ್ಯ ತೆಗೆದರೂ ಅದರ ಎರಡು ಬದಿಗೆ ಕೊಕ್ಕೆಯ ಚಿಹ್ನೆ ಹಾಕಿ, ಯಾರದ್ದೆಂದು ಕೆಳಗೆ ಬರೆಯಿರಿ. ಕೊಕ್ಕೆ ಹಾಕದೆ ಬರೆದದ್ದು ಕದ್ದದ್ದು. "ಅಂಗಡಿಯೊಳಗಿಂದ ಬೆಲ್ಲ ಎತ್ತಿದರ ಕಳ್ಳತನ ಅಂತೀರಿ. ಮಾತು ಎತ್ತಿದರ ಜಾಣತನ ಅಂತೀರೇನು?" ಎಂದು ಗದರಿದರು.

ಈ ಕೊಕ್ಕೆಯನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಮಗೆ ಓದು ಎಂದರೆ ಬಾಯಿಪಾಠ. ಇನ್ನೊಬ್ಬರ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದವನೇ ಜಾಣ. ಈಗ ಇವರು ಬಂದು ಅದಕ್ಕೇ ಕಳ್ಳ ಎನ್ನುತ್ತಿದ್ದಾರೆ! ಹುಡುಗರು ನಕ್ಕರು. ನಾವಿಬ್ಬರು ಮಾತ್ರ ಆ ಮಾತನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡೆವು. ಅವಳು ಅಂತೂ ಮನೆಗೆ ಬರೆಯುವ ಕಾಗದದಲ್ಲಿ ಗಾದೆ ಬಂದರೂ ಪೆನ್ನು ಎತ್ತಿ ಹಿಡಿದು, "ಇದು ಪುಸ್ತಕದಲ್ಲಿ ಉಂಟಾ?" ಎಂದು ಕೇಳುತ್ತಿದ್ದಳು. "ಗಾದೆ ಪುಸ್ತಕದ್ದಲ್ಲ ಮಾರಾಯ್ತಿ, ಬಾಯಿದ್ದು" ಎಂದು ನಾನು ತಮಾಷೆ ಮಾಡುತ್ತಿದ್ದೆ.

ಮುಂದಿನ ಪ್ರಬಂಧದ ವಿಷಯ ‘ಮನೆ ಬಿಟ್ಟು ಬಂದ ದಿನ’. ನಾನು ಕಿಟಕಿಯ ಕಡೆ ಕೂತು ಬರೆದೆ, ಅವಳು ಬಾಗಿಲ ಕಡೆ ಕೂತು ಬರೆದಳು. ಒಬ್ಬರದ್ದನ್ನು ಒಬ್ಬರು ನೋಡುವುದಿಲ್ಲ ಎಂದು ಮೊದಲೇ ಆಣೆ ಮಾಡಿಕೊಂಡಿದ್ದೆವು. ನೋಡಲೂ ಇಲ್ಲ.

ಕೆಲವು ದಿನಗಳ ಮೇಲೆ ಅವರು ತರಗತಿಗೆ ಬಂದವರೇ ಛತ್ರಿಯನ್ನು ಮೂಲೆಗಿಟ್ಟರು. ಅದೇ ಒಂದು ವಿಶೇಷ. ನನ್ನ ಪ್ರಬಂಧ ತೆಗೆದು ಗಟ್ಟಿಯಾಗಿ ಓದತೊಡಗಿದರು. ಹೊಳೆ, ದೋಣಿ, ಕೆಂಪು ನೀರು. ‘ದಡ ಬಿಟ್ಟ ಮೇಲೆ ದೋಣಿಯೇ ಊರು, ಅಂಬಿಗನೇ ಅಪ್ಪ’ ಎಂಬಲ್ಲಿಗೆ ಬಂದು ನಿಲ್ಲಿಸಿದರು. ಇನ್ನೊಮ್ಮೆ ಓದಿದರು. "ಇದಕ್ಕ ಬರವಣಿಗಿ ಅಂತಾರ. ಈ ಹುಡುಗಿ ನೋಡಿ ಬರದಾಳ" ಎಂದರು. ಹಿಂದಿನ ಬೆಂಚು ಮೊದಲ ಬಾರಿಗೆ ಸುಮ್ಮನಾಗಿತ್ತು. ನಾನು ಹಿಗ್ಗಿ ಪಕ್ಕಕ್ಕೆ ತಿರುಗಿದೆ. ಅವಳು ತಲೆ ತಗ್ಗಿಸಿ ಕೂತಿದ್ದಳು. ಹೊಟ್ಟೆಕಿಚ್ಚು ಎಂದುಕೊಂಡೆ. ಆಗ ನನ್ನ ತಲೆ ಆಕಾಶದಲ್ಲಿತ್ತು.

ಮಾರನೆಯ ದಿನ ಇಬ್ಬರನ್ನೂ ಅವರ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ಪ್ರಬಂಧ ಅಕ್ಕಪಕ್ಕ ಬಿಚ್ಚಿಟ್ಟಿದ್ದರು. ಅವಳದ್ದರಲ್ಲೂ ಅದೇ ಹೊಳೆ, ಅದೇ ದೋಣಿ. ಅದು ಸರಿ, ಇಬ್ಬರೂ ಒಂದೇ ದೋಣಿಯಲ್ಲಿ ಬಂದದ್ದು. ಆದರೆ ಅವಳ ಕೊನೆಯ ಸಾಲು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ: ‘ದಡ ಬಿಟ್ಟ ಮೇಲೆ ದೋಣಿಯೇ ಊರು, ಅಂಬಿಗನೇ ಅಪ್ಪ.’

"ಈ ಮಾತು ಯಾರದು?" ಎಂದರು.

"ನಂದು ಸರ್" ಎಂದೆ ನಾನು. ಒಂದು ಕ್ಷಣವೂ ತಡೆಯಲಿಲ್ಲ.

ಅವಳ ಕಡೆ ತಿರುಗಿದರು. "ನಿಂದು?"

"ಕೇಳಿದ್ದು ಸರ್" ಎಂದಳು ಅವಳು.

"ಕೇಳಿದ್ದು. ಯಾರ ಕಡಿಂದ ಕೇಳಿದಿ?"

ಅವಳು ನನ್ನ ಮುಖ ನೋಡಿದಳು. ಏನೋ ಹೇಳುವವಳ ಹಾಗೆ ತುಟಿ ತೆರೆದಳು, ಮತ್ತೆ ನೆಲ ನೋಡಿದಳು. ಅಷ್ಟೇ. ಅವರಿಗೆ ಅಷ್ಟು ಸಾಕಾಯಿತು. ನನಗೂ ಸಾಕಾಯಿತು. ದೋಣಿಯಲ್ಲಿ ನಾನು ಹೇಳಿದ್ದು, ಇವಳು ಕೇಳಿದ್ದು, ಕಣ್ಣೀರು ಹಾಕುತ್ತಲೇ ಸೆರಗಿನಲ್ಲಿ ಕಟ್ಟಿಕೊಂಡದ್ದು!

ಗೈಡು ನೋಡಿ ಬರೆದ ಹುಡುಗರ ಮೇಲೆ ಅವರಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಆ ಹುಡುಗರಿಂದ ಸರ್ ಏನನ್ನೂ ನಿರೀಕ್ಷಿಸಿರಲಿಲ್ಲ ಎಂದು ಕಾಣುತ್ತದೆ. ಇದು ಅವರಿಗೆ ಎದೆಗೆ ಹೊಡೆದಂತಾಗಿತ್ತು. "ಇಡೀ ಕ್ಲಾಸಿನೊಳಗ ನೀವಿಬ್ಬರಽ ಬರೀತೀರಿ ಅಂತ ತಿಳದಿದ್ದೆ" ಎಂದರು. ದನಿ ಜೋರಾಗಿರಲಿಲ್ಲ, ಅದೇ ಹೆಚ್ಚು ಕೆಟ್ಟದ್ದಾಗಿತ್ತು. ಅವಳಿಗೆ, "ಮನಿಯವರನ್ನ ಕರಕೊಂಡು ಬಾ. ಅವರ ಮುಂದ ಮಾತಾಡಿ ಆಮ್ಯಾಲೆ ಕ್ಲಾಸಿಗೆ ಕುಂದರು" ಎಂದು ಹೇಳಿ ಕಳಿಸಿದರು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಕೊಡುವ ಮನಸ್ಸು ಅವರಿಗೆ ಇರಲಿಲ್ಲ. ಅವಳ ಮನೆಯ ಯಜಮಾನ ಎಂದರೆ ಯಾರು, ಅವನು ಹಾಕಿದ ಕರಾರು ಏನು ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕೋಣೆಗೆ ಬಂದ ಮೇಲೆ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳಿ ಅಂದೆ. ಕೇಳಿದ್ರೆ ನಾನೇ ಇನ್ನೊಂದು ವಾಕ್ಯ ಮಾಡಿ ಕೊಡ್ತಿದ್ದೆ, ಇದೇ ಬೇಕಿತ್ತಾ ಅಂದೆ. ಕೊಂಕಣಿ ಮಾತಾಡುವ ನಿನಗೆ ಇಂಥ ಕನ್ನಡ ಎಲ್ಲಿಂದ ಬರಬೇಕು ಅಂತಲೂ ಅಂದೆ. ಅವಳು ಮಡಚಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಚುತ್ತ ಒಂದೇ ಮಾತು ಕೇಳಿದಳು.

"ನಿಂಗೆ ನಿಜಕ್ಕೂ ನೆನಪಿಲ್ವನೆ?"

"ಎಂತ ನೆನಪು?"

ಅವಳು ಸೀರೆಯನ್ನು ಟ್ರಂಕಿನೊಳಗಿಟ್ಟಳು. ಮರುದಿನ ಬೆಳಗಿನ ಬಸ್ಸಿಗೆ ಹೊನ್ನಾವರಕ್ಕೆ ಹೋದಳು. ಅಣ್ಣನನ್ನು ಕರೆದುಕೊಂಡು ಬರುವುದಕ್ಕೆಂದು ಹೋದವಳು ಬರಲಿಲ್ಲ; ಅಂಗಡಿಯ ಆಳು ಬಂದು ಅವಳ ಟ್ರಂಕು ಎತ್ತಿಕೊಂಡು ಹೋದ. ಮುದುಕಿ ನನ್ನ ಮುಖ ನೋಡಿ ಕೊಂಕಣಿಯಲ್ಲಿ ಏನೋ ಅಂದಳು. ನನಗೆ ಅರ್ಥವಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಚೌತಿಯ ರಜೆಗೆ ನಾನು ಬೆಳಕೆಗೆ ಹೋದೆ. ಹೋಗುವಾಗ ಹೊನ್ನಾವರದಲ್ಲಿ ಇಳಿದು ಪೇಟೆಯ ಕಡೆ ತಲೆ ಎತ್ತದೆ ಸೀದಾ ತಾರಿಗೆ ಹೋದೆ. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅದರ ಕೆಳಗೆ ಬೇರೆ ಏನೋ ಕೊರೆಯುತ್ತಿತ್ತು. ನಮ್ಮೂರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಊರ ಬಾಯಿಗೆ ಮುಚ್ಚಳ ಇಲ್ಲ. ಅವಳು ಪರೀಕ್ಷೆಯಲ್ಲಿ ಕದ್ದಳಂತೆ, ಅಲ್ಲ ದುಡ್ಡು ಕದ್ದಳಂತೆ, ಅಲ್ಲ ಬೇರೆಯದೇ ಏನೋ ಅಂತೆ. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ ಕೇಳಿದರು.

ಚೌತಿಯ ಹಿಂದಿನ ದಿನ ಅಮ್ಮ ಚಕ್ಕುಲಿ ಒತ್ತುತ್ತಿದ್ದಳು, ನಾನು ಒಲೆಯ ಮುಂದೆ ಕೂತು ಬೇಯಿಸುತ್ತಿದ್ದೆ. "ಅವಳು ಎಂತ ಕದ್ದದ್ದೆ ಅಷ್ಟು ದೊಡ್ಡದು?" ಎಂದು ಅಮ್ಮ ಕೇಳಿದಳು.

"ನನ್ನ ಒಂದು ಮಾತು."

"ಎಂತ ಮಾತು?"

ಹೇಳಿದೆ. ಚೂರು ಹೆಮ್ಮೆಯಿಂದಲೇ ಹೇಳಿದೆ. ಅಮ್ಮ ಒತ್ತುತ್ತಿದ್ದ ಕೈ ನಿಲ್ಲಿಸಿದಳು. ಎಣ್ಣೆಯಲ್ಲಿ ಚಕ್ಕುಲಿ ಕೆಂಪಾಗಿ ಕಪ್ಪಾಗತೊಡಗಿತು, ಇಬ್ಬರೂ ನೋಡಲಿಲ್ಲ.

"ಅದು ನಿನ್ನದಾ?" ಅಂದಳು. "ಅದು ನಿನ್ನ ಅಪ್ಪನ ಮಾತಲ್ದನೆ."

ನನ್ನ ಅಪ್ಪ ಗದ್ದೆ ಮಾಡುವವನು. ಮಳೆಗಾಲದಲ್ಲಿ ತಾಳಮದ್ದಳೆಗೆ ಕೂತು ಅರ್ಥ ಹೇಳುವವನು. ವೇಷವಿಲ್ಲ, ಕುಣಿತವಿಲ್ಲ. ಒಬ್ಬರು ಪದ ಹಾಡುತ್ತಾರೆ, ಎದುರು ಕೂತವರು ಅದರ ಅರ್ಥವನ್ನು ಪಾತ್ರದ ಬಾಯಿಯಾಗಿ ತಮ್ಮದೇ ಮಾತಿನಲ್ಲಿ ಬೆಳೆಸುತ್ತಾರೆ. ಪದ ಹಾಡುವವನ ಕೈಯಲ್ಲಿ ಪುಸ್ತಕವಿರುತ್ತದೆ, ಅರ್ಥ ಹೇಳುವವನ ಕೈಯಲ್ಲಿ ಏನೂ ಇರುವುದಿಲ್ಲ. ಅವನು ಅಂದದ್ದು ಅಲ್ಲಿಗೇ ಮುಗಿಯಿತು, ಬರೆದಿಡುವವರಿಲ್ಲ. ಅಪ್ಪ ಅರ್ಥ ಹೇಳುತ್ತಿದ್ದ ಎಂಬುದು ನನಗೆ ಗೊತ್ತಿತ್ತು, ಅಜ್ಜ ಬಿಳಿ ಎತ್ತು ಸಾಕಿದ್ದ ಎಂಬುದು ಗೊತ್ತಿದ್ದ ಹಾಗೆ. ಅವನು ಹೋದ ಮೇಲೆ ನಮ್ಮ ಜಗಲಿಯಲ್ಲಿ ತಾಳಮದ್ದಳೆ ಕೂರಲಿಲ್ಲ. ಅಮ್ಮ ಕೂರಿಸಗೊಡಲಿಲ್ಲ.

ಅಮ್ಮ ಹೇಳಿದಳು. ಕಾಡಿಗೆ ಹೊರಟ ಅರಸುಮಗ ಹೊಳೆ ದಾಟುವ ಪ್ರಸಂಗ. ಅಪ್ಪ ಅರಸುಮಗನ ಅರ್ಥಕ್ಕೆ ಕೂತಿದ್ದ. ದೋಣಿ ಹತ್ತಿದ ಮೇಲೆ ಹೇಳುವ ಮಾತು ಅದು. ಹೆಂಗಸರೆಲ್ಲ ಬಾಗಿಲ ಹಿಂದೆ ಕೂತು ಕೇಳುವುದು. ಮಕ್ಕಳಿಗೂ ಅಲ್ಲೇ ಚಾಪೆ. "ನೀವಿಬ್ಬರೂ ಒಂದೇ ಚಾಪೆಲಿ ಇದ್ರಿ" ಎಂದಳು ಅಮ್ಮ. "ಅವಳು ಗಲ್ಲಕ್ಕೆ ಕೈ ಕೊಟ್ಕಂಡು ಕೂತಿದ್ಲು. ಆ ಕೊಂಕಣಿ ಹುಡುಗಿಗೆ ಎಂತ ಅರ್ಥ ಆತ್ತದೆ ಅಂತ ನಾವೆಲ್ಲ ನಗಾಡಿದ್ದು. ನೀನು ನಿದ್ದೆ ಮಾಡ್ದೆ."

ಆ ಚೌತಿ ಹೇಗೆ ಕಳೆಯಿತೋ ತಿಳಿಯದು. ಎರಡು ಸಂಕಟ ಒಂದನ್ನೊಂದು ತುಳಿಯುತ್ತಿದ್ದವು. ನನ್ನದೆಂದು ಬೀಗಿದ್ದು ನನ್ನದಲ್ಲ ಎಂಬುದು ಒಂದು. ಅವಳು ಸುಳ್ಳು ಹೇಳಿರಲಿಲ್ಲ ಎಂಬುದು ಇನ್ನೊಂದು. ಕೇಳಿದ್ದು ಸರ್ ಅಂದಳಲ್ಲ, ಹೌದು, ಕೇಳಿದ್ದೇ. ಆ ಕೋಣೆಯಲ್ಲಿ ಮೂವರ ಪೈಕಿ ಖರೇ ಹೇಳಿದವಳು ಅವಳೊಬ್ಬಳೇ.

ರಜೆ ಮುಗಿದ ದಿನ ಹೊನ್ನಾವರದಲ್ಲಿ ನಿಲ್ಲದೆ ಮೊದಲು ಕುಮಟೆಗೇ ಹೋದೆ. ಬರಿಗೈಯಲ್ಲಿ ಅವಳ ಮುಂದೆ ಹೋಗಿ ನಿಲ್ಲುವುದು ನನ್ನಿಂದಾಗುತ್ತಿರಲಿಲ್ಲ. ಸರ್ ಮನೆಯ ಹೊರಗೆ ಕೂತು ಮಳೆಗೆ ಚಪ್ಪಲಿಗೆ ಹಿಡಿದ ಬೂಷ್ಟು ಒರೆಸುತ್ತಿದ್ದರು. ಎಲ್ಲ ಹೇಳಿದೆ: ತಾಳಮದ್ದಳೆ, ಬಾಗಿಲ ಹಿಂದಿನ ಚಾಪೆ, ಅಪ್ಪ. ತಾಳಮದ್ದಳೆ ಎಂದರೇನೆಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಅವರ ಕೈ ನಿಂತಿತು.

"ಯಾರ ಕಡಿಂದ ಕೇಳಿದಿ ಅಂದಾಗ ಆಕಿ ನಿನ್ನ ಮಾರಿ ನೋಡಿದಳು" ಎಂದರು.

"ಹೌದು ಸರ್."

"ನಾ ಅದನ್ನಽ ಉತ್ತರ ಅಂತ ತಿಳಕೊಂಡೆ."

"ನಾನೂ ಸರ್."

ಚಪ್ಪಲಿ ಕೆಳಗಿಟ್ಟು, "ಪುಸ್ತಕದ ಮಾತಿಗೆ ಕೊಕ್ಕಿ ಹಾಕ್ರಿ ಅಂದೆ. ಬಾಯಿಮಾತಿಗೂ ಹಾಕಬೇಕಂತ ಹೇಳಲೇ ಇಲ್ಲ ನೋಡು" ಎಂದರು. ಹಾಗಾದರೆ ನಾನು ಬರೆದದ್ದೂ ಕದ್ದದ್ದೇ ಅಲ್ಲವೇ ಎಂದು ಕೇಳಿದೆ. ಅಲ್ಲ ಎಂದು ಸಮಾಧಾನ ಹೇಳುವ ಪೈಕಿ ಅಲ್ಲ ಅವರು. "ಮರೆತದ್ದು ಬ್ಯಾರೆ, ಕದ್ದದ್ದು ಬ್ಯಾರೆ. ಆದರ ಓದೋರಿಗೆ ಎರಡೂ ಒಂದಽ ಕಾಣತಾವ" ಎಂದರು. ಆಮೇಲೆ ಎದ್ದು ನಿಂತು, "ಆಕಿನ್ನ ಕರಕೊಂಡು ಬಾ. ತಪ್ಪು ನಂದು ಅಂತ ಕ್ಲಾಸಿನೊಳಗಽ ಹೇಳ್ತೀನಿ" ಎಂದರು. ಅವರು ಹೇಳುವವರೇ. ಅದರಲ್ಲಿ ನನಗೆ ಸಂಶಯವಿರಲಿಲ್ಲ.

ಅದೇ ದಿನ ಬಸ್ಸು ಹಿಡಿದು ಹೊನ್ನಾವರಕ್ಕೆ ಓಡಿದೆ. ಅವಳ ಅಣ್ಣ ಅಂಗಡಿಯಲ್ಲಿ ಗಿರಾಕಿಗೆ ಪಂಚೆ ಬಿಚ್ಚಿ ತೋರಿಸುತ್ತಿದ್ದ. ಗಿರಾಕಿ ಹೋಗುವವರೆಗೆ ನಾನು ನಿಂತೇ ಇದ್ದೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ: ಅವಳದ್ದು ತಪ್ಪಿಲ್ಲ, ಸರ್ ಒಪ್ಪಿಕೊಂಡಿದ್ದಾರೆ, ನಾಳೆಯೇ ಕಾಲೇಜಿಗೆ ಬರಬಹುದು. ಅವನು ಪಂಚೆಯನ್ನು ಮೊದಲಿನ ಮಡಿಕೆಗೇ ಸರಿಯಾಗಿ ಮಡಚಿದ.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುದಿಲ್ಲ" ಎಂದ. "ಕದ್ದಿದ್ದಾಳೆ ಅಂದದ್ದು ಭಟ್ಕಳದ ತನಕ ಗೊತ್ತಾಯ್ತು. ಕದಿಯಲಿಲ್ಲ ಅಂತ ನಿನ್ನ ಸರ್ ಎಷ್ಟು ಮನೆಗೆ ಹೋಗಿ ಹೇಳ್ತಾರೆ?"

ನಾನು ವಾದ ಮಾಡಿದೆ. ವಾದದಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಅವನು ಸೋಲಿಸಲಿಲ್ಲ, ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, "ಅವಳಿಗೆ ಗಂಡು ಬಂದದೆ. ಕಾಲೇಜು ಬಿಟ್ಟದ್ದು ಎಂತಕ್ಕೆ ಅಂತ ಕೇಳಿದ್ರು, ಜ್ವರ ಅಂತ ಹೇಳಿದ್ದೇನೆ. ಈಗ ಮತ್ತೆ ಕಳಿಸಿದ್ರೆ ನಾನು ಸುಳ್ಳ ಆಗ್ತೇನೆ" ಎಂದ. ಕೆಟ್ಟ ಮನುಷ್ಯ ಅಲ್ಲ ಅವನು. ಒಳಗೆ ಹೋಗು, ಇದ್ದಾಳೆ, ಚಾ ಕುಡಿದು ಹೋಗು ಎಂದೂ ಹೇಳಿದ.

ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮದುವೆಯಾಗಿ ಗೇರುಸೊಪ್ಪೆಯ ಕಡೆ ಹೋದಳು. ಸರ್ ಹೇಳಿದಂತೆ ತರಗತಿಯಲ್ಲಿ ತಪ್ಪು ತಮ್ಮದು ಎಂದು ಹೇಳಿದರು. ಖಾಲಿ ಜಾಗ ನೋಡಿಕೊಂಡು ಹೇಳಿದರು. ಹಿಂದಿನ ಬೆಂಚಿನವರಿಗೆ ಯಾವ ವಿಷಯ ಎಂದೇ ಮರೆತುಹೋಗಿತ್ತು.

ಇನ್ನು ನಾನು. ಆ ವರ್ಷ ನನಗೆ ಬರೆಯಲಿಕ್ಕೇ ಆಗಲಿಲ್ಲ. ಒಂದು ಸಾಲು ಚಂದ ಬಂದರೆ ಸಾಕು, ಪೆನ್ನು ನಿಲ್ಲುತ್ತಿತ್ತು: ಇದು ಯಾರದ್ದು? ಎಲ್ಲಿ ಕೇಳಿದ್ದು? ಹೊಡೆದುಹಾಕುತ್ತಿದ್ದೆ. ಹೊಡೆದು ಹೊಡೆದು ಉಳಿಯುತ್ತಿದ್ದದ್ದು ಒಣ ಸಾಲುಗಳು: ಮಳೆ ಬಂತು, ಬಸ್ಸು ತಡವಾಯಿತು, ಅಕ್ಕಿಯಲ್ಲಿ ಕಲ್ಲಿತ್ತು. ಅವು ನನ್ನವೇ, ಅದರಲ್ಲಿ ಅನುಮಾನವಿರಲಿಲ್ಲ. ಸರ್ ಅವುಗಳ ಪಕ್ಕ ಸರಿ ಗುರುತು ಹಾಕಿ ಕೊಡುತ್ತಿದ್ದರು. ಹೀಗೆ ಒಣ ಸಾಲಿನಿಂದಲೇ ನಾನು ಬರೆಯುವುದನ್ನು ಕಲಿತದ್ದು. ನಿಮ್ಮ ಬರಹ ಬಹಳ ಬಿಗಿ ಎಂದು ಮುಂದೆ ಕೆಲವರು ಹೊಗಳಿದ್ದುಂಟು. ಬಿಗಿ ಅಲ್ಲ, ಹೆದರಿಕೆ ಎಂದು ಅವರಿಗೆ ನಾನು ಹೇಳಲಿಲ್ಲ.

ಆದರೆ ಹೇಳಬೇಕಾದ್ದು ನಾನು ಹೊನ್ನಾವರಕ್ಕೆ ಓಡಿದ ಆ ದಿನದ್ದು. ಅಂಗಡಿಯ ಹಿಂದಿನ ಮನೆಯ ಹಿತ್ತಿಲ ಜಗಲಿಯಲ್ಲಿ ಅವಳು ಮೊರ ಹಿಡಿದು ರೇಶನ್ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅದು ಅಪ್ಪನ ಮಾತಂತೆ" ಎಂದೆ.

"ನಂಗೆ ಗೊತ್ತಿತ್ತು."

"ಮತ್ತೆ ಸರ್ ಎದುರು ಎಂತಕ್ಕೆ ಹೇಳಲಿಲ್ಲ?"

ಅವಳು ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. "ನೀನು ನಂದು ಅಂದ್ಯಲ್ಲ. ಗೊತ್ತಿದ್ದೇ ಹೇಳ್ತಿದ್ದಿ ಅಂದ್ಕಂಡೆ. ಅಪ್ಪಂದು ಮಗಳಿಗೇ ಅಲ್ದನೆ? ಹಂಗಾರೆ ಕದ್ದವಳು ನಾನೇ ಆದೆ. ದೋಣಿಲಿ ನೀನು ಹೇಳ್ದಾಗ, ನಿನ್ನ ಅಪ್ಪನ್ನ ನೆನಸ್ಕಂಡೆ ನೀನು ಅಂತ ನಂಗೆ ಅಳು ಬಂದದ್ದು."

"ರೂಮಿಗೆ ಬಂದ ಮೇಲೆ ನಾನು ಅಷ್ಟೆಲ್ಲ ಬೈದೆ. ಆಗ್ಲಾದ್ರೂ ಹೇಳಬಹುದಿತ್ತು."

"ಕೇಳಿದ್ನಲ್ಲ, ನೆನಪಿಲ್ವನೆ ಅಂತ. ನೀನು ಎಂತ ನೆನಪು ಅಂದೆ." ಅವಳು ಮೊರ ಕೆಳಗಿಟ್ಟಳು. "ಆಗ ಗೊತ್ತಾಯ್ತು ನಂಗೆ. ಅಪ್ಪನ ಮಾತೇ ಮರ್ತವಳಿಗೆ, ಇದು ನಿನ್ನ ಅಪ್ಪಂದು ಅಂತ ನಾನು ಹೆಂಗೆ ಹೇಳುದು?"

ಒಳಗಿನಿಂದ ಅವಳ ಅತ್ತಿಗೆ ಚಾ ತಂದಿಟ್ಟು ಹೋದಳು. ಇಬ್ಬರೂ ಮುಟ್ಟಲಿಲ್ಲ. ನಾನು ಕೇಳಿದೆ, "ನಿಂಗೆ ಅವನ ದನಿ ನೆನಪುಂಟಾ?"

"ಉಂಟು."

"ಅವನು ಹೇಳಿದ ಹಾಗೇ ಹೇಳು."

ಅವಳು ನಾಚಿಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು, ಅಂಗೈಯನ್ನು ಮೊಣಕಾಲಿನ ಮೇಲೆ ಒಮ್ಮೆ ಬಡಿದಳು, ಗಂಟಲು ಸರಿಮಾಡಿಕೊಂಡಳು. ದಪ್ಪ ದನಿಯಲ್ಲಿ, ನಿಧಾನವಾಗಿ, "ದಡ ಬಿಟ್ಟ ಮೇಲೆ" ಎಂದು ಅಲ್ಲಿ ಬಹಳ ಹೊತ್ತು ನಿಲ್ಲಿಸಿದಳು. ಹೊಳೆಯನ್ನು ನೋಡುವವನ ಹಾಗೆ ದೂರ ನೋಡಿದಳು. ಆಮೇಲೆ ಉಳಿದದ್ದನ್ನು ಮೆಲ್ಲಗೆ, ತನ್ನಷ್ಟಕ್ಕೇ ಎಂಬಂತೆ ಹೇಳಿ ಮುಗಿಸಿದಳು.

ನಾನು ಕಣ್ಣು ಮುಚ್ಚಿ ಕೇಳಿದೆ. ಇನ್ನೊಮ್ಮೆ ಹೇಳು ಎಂದೆ. ಹೇಳಿದಳು. ಮತ್ತೊಮ್ಮೆ ಎಂದೆ. ಅದನ್ನೂ ಹೇಳಿದಳು. ಯಾರೋ ಒಬ್ಬ ಗಂಡಸಿನ ದನಿ ಅದು, ಚಂದದ ದನಿ. ನನಗೆ ಗುರುತು ಸಿಗಲಿಲ್ಲ.